ಹಳೆಯ ಬ್ರೌಸರ್‌ಗಳನ್ನು ಕೈಬಿಡುವುದು ಯಾವಾಗ? ಸಹಕಾರ ಸಂಘವೊಂದರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಸೇವಾ ಸಹಕಾರ ಸಂಘವೊಂದರಲ್ಲಿ ನಾನು ಕಾರ್ಯದರ್ಶಿ. ನಮ್ಮ ಜಾಲತಾಣದಲ್ಲಿ ಸದಸ್ಯರು ದಿನದ ಅಡಿಕೆ ಧಾರಣೆ, ಠೇವಣಿಯ ಬಡ್ಡಿದರ ಮತ್ತು ತಮ್ಮ ಸಾಲದ ಬಾಕಿ ನೋಡುತ್ತಾರೆ. ಬೆಳೆ ಸಾಲ ನವೀಕರಣದ ಅರ್ಜಿಯನ್ನೂ ಅಲ್ಲಿಂದಲೇ ಕಳುಹಿಸಬಹುದು. ಈಗ ತಾಣವನ್ನು ಹೊಸದಾಗಿ ಕಟ್ಟಿಸುತ್ತಿದ್ದೇವೆ. ಬಳಕೆ ಶೇಕಡಾ 2ಕ್ಕಿಂತ ಕಡಿಮೆ ಇರುವ ಬ್ರೌಸರ್‌ಗಳನ್ನೆಲ್ಲ ಬಿಟ್ಟುಬಿಡೋಣ ಎಂದು ಡೆವಲಪರ್ ಹೇಳುತ್ತಾರೆ. ಒಬ್ಬ ಸದಸ್ಯನೂ ಹೊರಗುಳಿಯಕೂಡದು ಎಂದು ಅಧ್ಯಕ್ಷರು ಪಟ್ಟು ಹಿಡಿದಿದ್ದಾರೆ. ಯಾರ ಮಾತು ಸರಿ? ಜೊತೆಗೆ, ನಮ್ಮ ಶಾಖೆಗಳಲ್ಲಿ ವಿಂಡೋಸ್ 7 ಇರುವ ಕಂಪ್ಯೂಟರ್‌ಗಳು ಇನ್ನೂ ಇವೆ. ಅವುಗಳ ಸಲುವಾಗಿ ಹಳೆಯ ಬ್ರೌಸರ್‌ಗೆ ಬೆಂಬಲ ಮುಂದುವರಿಸಬೇಕೇ?

ಉತ್ತರ: ನೇರ ಉತ್ತರವನ್ನು ಮೊದಲು ಕೊಡುತ್ತೇನೆ. ಧಾರಣೆ, ಬಡ್ಡಿದರ, ಸಾಲದ ಬಾಕಿ ಮುಂತಾದ ಓದುವ ಪುಟಗಳಿಗೆ ಸಂಬಂಧಿಸಿದಂತೆ ನೀವು ಯಾವ ಬ್ರೌಸರನ್ನೂ ಕೈಬಿಡಬೇಕಾಗಿಲ್ಲ, ಏಕೆಂದರೆ ಅವುಗಳನ್ನು ಸರಳವಾಗಿ ಬರೆದು, ಮುಂದೆ ಹೇಳುವ ಸುರಕ್ಷಿತ ಸಂಪರ್ಕದ ತೊಡಕನ್ನೂ ಬಿಡಿಸಿದರೆ ಹತ್ತು ವರ್ಷ ಹಳೆಯ ಫೋನಿನಲ್ಲೂ ಅವು ತೆರೆದುಕೊಳ್ಳುತ್ತವೆ. ಅರ್ಜಿ ತುಂಬುವ ಪುಟಗಳ ಮೂಲ ಕೆಲಸವನ್ನು ಎಲ್ಲರಿಗೂ ಉಳಿಸಿ, ಫೋಟೊ ಸೇರಿಸುವಂಥ ಅನುಕೂಲಗಳನ್ನು ಮಾತ್ರ ಹಳೆಯ ಬ್ರೌಸರ್‌ಗಳಿಗೆ ದಿನಾಂಕ ಹೇಳಿ ನಿಲ್ಲಿಸಬಹುದು. ಹಣ ವರ್ಗಾಯಿಸುವ ಸೌಲಭ್ಯವನ್ನು ಮುಂದೆ ಸೇರಿಸುವುದಾದರೆ, ಈಗಲೂ ಭದ್ರತಾ ಪರಿಷ್ಕರಣೆ ಪಡೆಯುತ್ತಿರುವ ಬ್ರೌಸರ್‌ಗಳಿಗಷ್ಟೇ ಅದನ್ನು ಕೊಡಿ. ಆದ್ದರಿಂದ ಅಧ್ಯಕ್ಷರು ಮತ್ತು ಡೆವಲಪರ್ ಇಬ್ಬರ ಮಾತೂ ಅರ್ಧ ಸರಿ. ಇಡೀ ತಾಣಕ್ಕೆ ಒಂದೇ ಗೆರೆ ಎಳೆಯಲು ಹೊರಟಿರುವುದರಿಂದ ಇಬ್ಬರಿಗೂ ಉತ್ತರ ಸಿಗುತ್ತಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅವರು ವಾದಿಸುತ್ತಿರುವ ತೀರ್ಮಾನದ ಒಂದು ಪಾಲನ್ನು ಸಂಘದ ಗಮನಕ್ಕೆ ಬಾರದಂತೆ ಬೇರೆಯವರು ಆಗಲೇ ಮಾಡಿ ಮುಗಿಸಿರುವ ಸಾಧ್ಯತೆ ಹೆಚ್ಚು.

ಶೇಕಡಾ 2ರ ನಿಯಮ ಡೆವಲಪರ್ ಕೈಯಿಂದ ಹುಟ್ಟಿದ್ದಲ್ಲ. ಅಮೆರಿಕದ ಸರ್ಕಾರಿ ಜಾಲತಾಣಗಳ ವಿನ್ಯಾಸ ಪದ್ಧತಿಯಲ್ಲಿ ಆ ನಿಯಮವಿದೆ: ಸರ್ಕಾರಿ ತಾಣಗಳ ಭೇಟಿಯ ಲೆಕ್ಕದಲ್ಲಿ ಶೇಕಡಾ 2ಕ್ಕಿಂತ ಹೆಚ್ಚು ಬಳಕೆ ಕಂಡ ಬ್ರೌಸರ್‌ಗಳಿಗೆ ಅಲ್ಲಿ ಅಧಿಕೃತ ಬೆಂಬಲ. ಅಲ್ಲಿ ಎಣಿಸುವುದು ತಮ್ಮದೇ ಓದುಗರನ್ನು ಎಂಬುದನ್ನು ಗಮನಿಸಿ. ಡೆವಲಪರ್‌ಗಳು ದಿನವೂ ಬಳಸುವ ಬ್ರೌಸರ್ಸ್‌ಲಿಸ್ಟ್ ಎಂಬ ಸಲಕರಣೆಯ ಮೂಲ ಹೊಂದಾಣಿಕೆಯಾದರೋ ಜಾಗತಿಕ ಬಳಕೆಯಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚಿರುವವು, ಪ್ರತಿ ಬ್ರೌಸರ್‌ನ ಕೊನೆಯ ಎರಡು ಆವೃತ್ತಿಗಳು, ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿ ಇಷ್ಟನ್ನು ಆರಿಸಿಕೊಂಡು, 24 ತಿಂಗಳಿಂದ ಪರಿಷ್ಕರಣೆ ಕಾಣದವನ್ನು ಸತ್ತವೆಂದು ಬಿಡುತ್ತದೆ. ಜಗತ್ತಿನ ಲೆಕ್ಕದಲ್ಲಿ ನಮ್ಮ ಊರುಗಳಾದ ಎಣ್ಮಕಜೆಯೂ ಇಲ್ಲ, ಬೆಳ್ಳೂರೂ ಇಲ್ಲ. ನಿಮ್ಮ ತಾಣವನ್ನು 4,000 ಸದಸ್ಯರು ಬಳಸುತ್ತಾರೆ ಎಂದು ಊಹಿಸಿದರೆ ಶೇಕಡಾ 2 ಎಂದರೆ 80 ಮಂದಿ. ಅವರಲ್ಲಿ ಬಹುಮಟ್ಟಿಗೆ ಎಲ್ಲರೂ ಹಿರಿಯ ಕೃಷಿಕರಾಗಿದ್ದರೆ ಆ 80 ಮಂದಿಯ ತೂಕವೇ ಬೇರೆ. ಕಾಸರಗೋಡಿನ ಕನ್ನಡಿಗರಾದ ನಾವು ಶೇಕಡಾವಾರು ನ್ಯಾಯವನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವುದು ಸೋಜಿಗವೇ ಸರಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟದ್ದು ಇಡೀ ರಾಜ್ಯದಲ್ಲಿ ಅವರು ಶೇಕಡಾ ಎಷ್ಟಿದ್ದಾರೆ ಎಂದು ಎಣಿಸಿ ಅಲ್ಲ. ಅದೇ ಲೆಕ್ಕವನ್ನು ಹಿಡಿದು ಹೊರಟರೆ ಬ್ರೌಸರ್‌ಗಿಂತ ಮೊದಲು ತಾಣದ ಕನ್ನಡ ಪುಟವೇ ಬಿದ್ದುಹೋದೀತು.

ಶೇಕಡಾವಾರನ್ನು ಅಳೆಯುವ ವಿಧಾನದಲ್ಲಿಯೂ ದೋಷವಿದೆ. ಡೆವಲಪರ್ ತೋರಿಸುವ ಅಂಕಿ ಸಾಮಾನ್ಯವಾಗಿ ಅನಲಿಟಿಕ್ಸ್‌ನಿಂದ ಬಂದಿರುತ್ತದೆ. ಅನಲಿಟಿಕ್ಸ್ ಎಣಿಸುವುದು ಪುಟದಲ್ಲಿರುವ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಂ) ತುಣುಕೊಂದು ಓಡಿದಾಗ; ಹಳೆಯ ಬ್ರೌಸರ್‌ನಲ್ಲಿ ಆ ತುಣುಕೇ ಓಡದಿದ್ದರೆ ಆ ಸದಸ್ಯರು ಬಂದದ್ದೇ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನು, ಒಂದೆರಡು ಬಾರಿ ತೆರೆಯಲು ನೋಡಿ ಆಗದವರು ಮತ್ತೆ ಬರುವುದಿಲ್ಲ. ತಾಣ ಕೆಟ್ಟಷ್ಟೂ ಹಳೆಯ ಬ್ರೌಸರ್‌ಗಳ ಪಾಲು ಕುಗ್ಗುತ್ತದೆ, ಪಾಲು ಕುಗ್ಗಿತೆಂದು ಅವುಗಳನ್ನು ಇನ್ನಷ್ಟು ಕಡೆಗಣಿಸಲಾಗುತ್ತದೆ. ಸರ್ವರ್‌ನ ಪ್ರವೇಶ ಲಾಗ್ ಇದಕ್ಕಿಂತ ನಂಬಲರ್ಹ, ಏಕೆಂದರೆ ಸ್ಕ್ರಿಪ್ಟ್ ಓಡಲಿ ಬಿಡಲಿ, ಪುಟವನ್ನು ಕೇಳಿದವರ ಗುರುತು ಅಲ್ಲಿ ಬೀಳುತ್ತದೆ. ಆದರೆ ಸುರಕ್ಷಿತ ಸಂಪರ್ಕ ಕೂಡಿಕೊಳ್ಳುವ ಹಂತದಲ್ಲಿಯೇ ಸೋತ ಫೋನು ಪ್ರವೇಶ ಲಾಗ್‌ನಲ್ಲಿಯೂ ಕಾಣಿಸದು. ಅಂಥವರು ಸಿಗುವುದು ನಿಮ್ಮ ಕೌಂಟರ್‌ನಲ್ಲಿ ಮಾತ್ರ. ಆದಕಾರಣ ಒಂದು ತಿಂಗಳ ಮಟ್ಟಿಗೆ ಪ್ರತಿ ಶಾಖೆಯಲ್ಲಿ ಒಂದು ನೋಟು ಪುಸ್ತಕ ಇಡಿಸಿ, ‘ಸೈಟ್ ಓಪನ್ ಆಗುವುದಿಲ್ಲ’ ಎಂದು ಬಂದವರ ಫೋನಿನ ಮಾದರಿಯನ್ನೂ ಪರದೆಯ ಮೇಲೆ ಬಂದ ಸಂದೇಶವನ್ನೂ ಬರೆಸಿಕೊಳ್ಳಿ. ಡೆವಲಪರ್ ಇದನ್ನು ಹಳೆಯ ಕಾಲದ ಪದ್ಧತಿ ಎಂದುಕೊಂಡರೂ ಬೇರೆ ಯಾವ ಸಲಕರಣೆಯೂ ಈ ಮಾಹಿತಿಯನ್ನು ಕೊಡಲಾರದು.

ಲಾಗ್ ಓದುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ‘ಹಳೆಯ ಬ್ರೌಸರ್’ ಎಂದು ನಾವು ಒಟ್ಟಾರೆ ಕರೆಯುವುದರಲ್ಲಿ ಎರಡು ಬೇರೆ ಬೇರೆ ಗುಂಪುಗಳಿವೆ. ಮೊದಲನೆಯದು ಅಪ್‌ಡೇಟ್ ಮಾಡಲು ಸಾಧ್ಯವಿದ್ದರೂ ಮಾಡದವರದು: ಫೋನಿನಲ್ಲಿ ಜಾಗವಿಲ್ಲ, ಪ್ಲೇ ಸ್ಟೋರ್‌ಗೆ ಲಾಗಿನ್ ಇಲ್ಲ, ಅಥವಾ ಯಾರೋ ಒಮ್ಮೆ ಅಪ್‌ಡೇಟ್ ನಿಲ್ಲಿಸಿಟ್ಟಿದ್ದಾರೆ. ಎರಡನೆಯದು ಏನು ಮಾಡಿದರೂ ಅಪ್‌ಡೇಟ್ ಸಿಗದವರದು. ಇವೆರಡನ್ನು ಬೇರ್ಪಡಿಸಲು ಕ್ರೋಮ್‌ನ ಆವೃತ್ತಿ ಸಂಖ್ಯೆಯೊಂದೇ ಸಾಕು. ಆಂಡ್ರಾಯ್ಡ್ 4.4ಕ್ಕೆ ಸಿಕ್ಕ ಕೊನೆಯ ಕ್ರೋಮ್ 81, ಆಂಡ್ರಾಯ್ಡ್ 5ಕ್ಕೆ 95, ಆಂಡ್ರಾಯ್ಡ್ 6ಕ್ಕೆ 106, ಆಂಡ್ರಾಯ್ಡ್ 7ಕ್ಕೆ 119, ಆಂಡ್ರಾಯ್ಡ್ 8 ಮತ್ತು 9ಕ್ಕೆ 138. ವಿಂಡೋಸ್ 7, 8 ಹಾಗೂ 8.1 ಕಂಪ್ಯೂಟರ್‌ಗಳು 109ರಲ್ಲಿ ನಿಂತಿವೆ. ಅವಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ತಾ 49ರಲ್ಲಿ. ಲಾಗ್‌ನಲ್ಲಿ ಈ ಸಂಖ್ಯೆಗಳ ಮೇಲೆಯೇ ಭೇಟಿಗಳು ಗುಡ್ಡೆ ಬಿದ್ದಿದ್ದರೆ ಅವು ಬಹುಮಟ್ಟಿಗೆ ಮುಂದಕ್ಕೆ ಹೋಗಲಾರದ ಸಾಧನಗಳು. 112, 117, 126 ಎಂದು ಚದುರಿ ಬಿದ್ದಿದ್ದರೆ ಅವು ಅಪ್‌ಡೇಟ್ ಮಾಡಿಕೊಳ್ಳದ ಫೋನುಗಳು. ಲಾಗ್‌ನಲ್ಲಿ ಕಾಣುವ ಆಂಡ್ರಾಯ್ಡ್ ಆವೃತ್ತಿಯನ್ನು ಮಾತ್ರ ನಂಬಬೇಡಿ. 2023ರ ಆರಂಭದಲ್ಲಿ ಬಂದ ಕ್ರೋಮ್ 110ರ ಬಳಿಕ ಗೋಪ್ಯತೆಯ ಕಾರಣಕ್ಕೆ ಎಲ್ಲ ಫೋನುಗಳೂ ತಮ್ಮನ್ನು ‘ಆಂಡ್ರಾಯ್ಡ್ 10’ ಎಂದೇ ಹೇಳಿಕೊಳ್ಳುತ್ತವೆ. ಕ್ರೋಮ್‌ನ ಮುಖ್ಯ ಸಂಖ್ಯೆ ಮಾತ್ರ ನಿಜ ಹೇಳುತ್ತದೆ.

ಮೊದಲ ಗುಂಪಿಗೆ ‘ಅಪ್‌ಡೇಟ್ ಮಾಡಿ’ ಎಂಬ ಸೂಚನೆ ಉಪಕಾರವಾಗುತ್ತದೆ. ಎರಡನೆಯ ಗುಂಪಿಗೆ ಅದೇ ಸೂಚನೆ ‘ಹೊಸ ಫೋನು ಕೊಳ್ಳಿ’ ಎಂದಂತೆ ಕೇಳಿಸುತ್ತದೆ, ಮತ್ತು ಸಂಘವೊಂದು ತನ್ನ ಸದಸ್ಯರಿಗೆ ಹಾಗೆ ಹೇಳುವ ಹಕ್ಕು ಇಟ್ಟುಕೊಂಡಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಹಳೆಯ ಸಾಧನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಗಲ್ಫ್‌ನಲ್ಲಿರುವ ಮಕ್ಕಳು ಊರಿಗೆ ಬಂದಾಗ ತಮ್ಮ ಹಳೆಯ ಐಫೋನನ್ನು ತಂದೆ ತಾಯಿಗೆ ಕೊಟ್ಟುಹೋಗುವುದು ಮನೆಮನೆಯ ರೂಢಿ. ಐಫೋನನ್ನು ನಡೆಸುವ ತಂತ್ರಾಂಶದ ಹೆಸರು ಐಒಎಸ್. ಐಫೋನ್ 6 ಐಒಎಸ್ 12ರಲ್ಲಿ ನಿಂತಿದೆ, ಐಫೋನ್ 7 ಐಒಎಸ್ 15ರಲ್ಲಿ. ಆಂಡ್ರಾಯ್ಡ್‌ನಲ್ಲಿ ಒಂದು ಬ್ರೌಸರ್ ಸೋತರೆ ಇನ್ನೊಂದನ್ನು ಹಾಕಿಕೊಂಡು ನೋಡಬಹುದು. ನಮ್ಮಲ್ಲಿ ಸಿಗುವ ಐಫೋನುಗಳಲ್ಲಿ ಆ ದಾರಿಯಿಲ್ಲ, ಏಕೆಂದರೆ ಕ್ರೋಮ್ ಎಂಬ ಹೆಸರಿನಲ್ಲಿ ಹಾಕಿಕೊಂಡದ್ದೂ ಒಳಗೆ ಐಫೋನಿನ ಸ್ವಂತ ಬ್ರೌಸರ್ ಸಫಾರಿಯದೇ ವೆಬ್‌ಕಿಟ್ ಎಂಜಿನ್ನಿನ (ಪುಟವನ್ನು ಓದಿ ತೋರಿಸುವ ಭಾಗದ) ಮೇಲೆ ಓಡುತ್ತದೆ. ಆ ಎಂಜಿನ್ನಾದರೋ ಐಒಎಸ್ ಜೊತೆಗೇ ಬರುವಂಥದ್ದು. ನೋಡಲು ಚೆನ್ನಾಗಿರುವ ಫೋನು ಎಂಬ ಕಾರಣಕ್ಕೆ ಅದರ ಬ್ರೌಸರ್ ಹೊಸದೆಂದು ಕೌಂಟರ್‌ನವರು ತಿಳಿದುಕೊಳ್ಳುವುದೂ ಉಂಟು. ಜಿಯೋಫೋನ್ ಇಟ್ಟುಕೊಂಡವರು ಇದ್ದರೆ ಆ ಫೋನನ್ನು ನಡೆಸುವ ಕೈಒಎಸ್ 2.5 ಎಂಬ ತಂತ್ರಾಂಶದಲ್ಲಿರುವುದು 2016ರ ಫೈರ್‌ಫಾಕ್ಸ್ 48ರ ಎಂಜಿನ್ನು. ಅದಕ್ಕೆ ಇಂದಿನ ಜಾವಾಸ್ಕ್ರಿಪ್ಟ್ ಬಹುಪಾಲು ಅರ್ಥವಾಗದು, ಆದರೆ ಸರಳ ಪುಟವನ್ನು ಅದು ಯಾವ ತಕರಾರೂ ಇಲ್ಲದೆ ತೋರಿಸುತ್ತದೆ.

ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಗ್ಗೆ ಹೆಚ್ಚು ಹೇಳುವುದು ಬೇಡ. ಮೈಕ್ರೋಸಾಫ್ಟ್ ಅದನ್ನು 2022ರ ಜೂನ್ 15ರಂದು ನಿವೃತ್ತಿಗೊಳಿಸಿದೆ. ಅದರ ಜಾಗಕ್ಕೆ ಬಂದ ಎಡ್ಜ್ ಬ್ರೌಸರ್‌ನೊಳಗೆ ಕನಿಷ್ಠ 2029ರವರೆಗೆ ಉಳಿಯಲಿರುವ ಅದರ ಹಳೆಯ ವಿಧಾನ ಹಳೆಯ ಕಚೇರಿ ತಂತ್ರಾಂಶಗಳಿಗಾಗಿ ಇರುವಂಥದ್ದು. ಅದನ್ನು ಬಿಟ್ಟುಬಿಡಿ.

ಯಾರೂ ಮಾಡದ ತೀರ್ಮಾನ ತಾನೇ ಆಗಿಬಿಡುವುದು ಹೇಗೆ ಎಂಬುದನ್ನು ಈಗ ನೋಡೋಣ. ವೀಟ್ ಎಂಬುದು ತಾಣ ಕಟ್ಟಲು ಇಂದು ಬಹಳ ಬಳಕೆಯಲ್ಲಿರುವ ಸಲಕರಣೆ. 2025ರಲ್ಲಿ ಅದರ 7ನೆಯ ಆವೃತ್ತಿ ಬಂದಾಗ ಅದು ಗುರಿಯಾಗಿಟ್ಟುಕೊಳ್ಳುವ ಕನಿಷ್ಠ ಕ್ರೋಮ್ 87ರಿಂದ 107ಕ್ಕೆ ಏರಿತು, ಸಫಾರಿ 14ರಿಂದ 16ಕ್ಕೆ. ಆಂಡ್ರಾಯ್ಡ್ 6ರ ಫೋನುಗಳು ನಿಂತಿರುವುದು 106ರಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ. ಐಒಎಸ್ 15ರ ಸಫಾರಿಯೂ ಗೆರೆಯ ಆಚೆಗೆ ಬಿತ್ತು. ಡೆವಲಪರ್ ಒಂದು ಮಧ್ಯಾಹ್ನ ಸಲಕರಣೆಯನ್ನು ಹೊಸ ಆವೃತ್ತಿಗೆ ಏರಿಸಿದರೆ ಸಾಕು, ಆಡಳಿತ ಮಂಡಳಿಯ ನಡಾವಳಿಯಲ್ಲಿ ಒಂದು ಸಾಲೂ ಇಲ್ಲದೆ ಒಂದಷ್ಟು ಸದಸ್ಯರು ಹೊರಗಾಗುತ್ತಾರೆ. ವಿನ್ಯಾಸಕ್ಕೆ ಬಳಸುವ ಟೇಲ್‌ವಿಂಡ್‌ನ 4ನೆಯ ಆವೃತ್ತಿ ಕ್ರೋಮ್ 111, ಸಫಾರಿ 16.4 ಮತ್ತು ಫೈರ್‌ಫಾಕ್ಸ್ 128ನ್ನು ಕನಿಷ್ಠವೆಂದು ಹೇಳಿಕೊಂಡಿದೆ. ಕ್ರೋಮ್ 109ರಲ್ಲಿ ನಿಂತಿರುವ ವಿಂಡೋಸ್ 7 ಯಂತ್ರಗಳು ಅಲ್ಲಿಗೆ ಎರಡೇ ಹೆಜ್ಜೆ ಹಿಂದೆ. ಈ ಸಲಕರಣೆಗಳನ್ನು ಮಾಡಿದವರ ತಪ್ಪೇನೂ ಇಲ್ಲ, ಅವರು ಗಡಿಯನ್ನು ಬಹಿರಂಗವಾಗಿಯೇ ಪ್ರಕಟಿಸಿದ್ದಾರೆ ಮತ್ತು ವೀಟ್‌ನಲ್ಲಿ ಗುರಿಯನ್ನು ಹಿಂದಕ್ಕೆ ಇಟ್ಟುಕೊಳ್ಳುವ ಸೌಕರ್ಯವೂ ಇದೆ. ನಮ್ಮಲ್ಲಿ ಅದನ್ನು ಓದಿ ಮಂಡಳಿಗೆ ತಿಳಿಸುವ ಹೊಣೆ ಯಾರಿಗೂ ಒಪ್ಪಿಸಿಲ್ಲ ಎಂಬುದಷ್ಟೇ ಕೊರತೆ. ಡೆವಲಪರ್ ಜೊತೆಗಿನ ಒಪ್ಪಂದದಲ್ಲಿ ಕನಿಷ್ಠ ಆವೃತ್ತಿಗಳನ್ನು ಹೆಸರಿಸಿ ಬರೆಸಿಕೊಳ್ಳಿ. ಅದನ್ನು ಬದಲಿಸಬೇಕಾದರೆ ಲಿಖಿತ ಒಪ್ಪಿಗೆ ಬೇಕು ಎಂದೂ ಸೇರಿಸಿ.

ತಾಣ ಅಸಲಿ ಎಂದು ಬ್ರೌಸರ್‌ಗೆ ತೋರಿಸಿ ಸುರಕ್ಷಿತ ಸಂಪರ್ಕ ಕೂಡಿಸುವ ಪ್ರಮಾಣಪತ್ರದ ವಿಷಯ ಇದಕ್ಕಿಂತಲೂ ಗುಟ್ಟಾಗಿ ನಡೆಯುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಪ್ರಮಾಣಪತ್ರವನ್ನು ಅಸಂಖ್ಯ ಸಣ್ಣ ತಾಣಗಳು ಬಳಸುತ್ತವೆ, ನಿಮ್ಮದೂ ಬಳಸುತ್ತಿರಬಹುದು. ಅದನ್ನು ನಂಬಲು ಆಧಾರವಾದ ಸಂಸ್ಥೆಯ ಮೂಲ ಪ್ರಮಾಣಪತ್ರವನ್ನು ಆಂಡ್ರಾಯ್ಡ್ ಒಳಗೊಂಡದ್ದು 7.1.1ರಿಂದ. ಅದಕ್ಕಿಂತ ಹಿಂದಿನ ಫೋನುಗಳಿಗೆಂದು ಮಾಡಿದ್ದ ತಾತ್ಕಾಲಿಕ ಏರ್ಪಾಡು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೀಗಾಗಿ ಅಂಥ ತಾಣವನ್ನು ಆಂಡ್ರಾಯ್ಡ್ 6 ಅಥವಾ ಅದಕ್ಕಿಂತ ಹಳೆಯ ಫೋನಿನ ಕ್ರೋಮ್‌ನಲ್ಲಿ ತೆರೆದರೆ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆಯೇ ಬರುತ್ತದೆ, ಪುಟವನ್ನು ನೀವು ಎಷ್ಟೇ ಸರಳವಾಗಿ ಬರೆದಿದ್ದರೂ ಅಷ್ಟೇ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಿ ಎಂದು ಸದಸ್ಯರಿಗೆ ಯಾರೂ ಹೇಳಿಕೊಡಕೂಡದು. ಇಂದು ಸಂಘದ ತಾಣದಲ್ಲಿ ಕಲಿತ ಅಭ್ಯಾಸವನ್ನೇ ನಾಳೆ ಅವರು ವಂಚಕರ ತಾಣದಲ್ಲಿ ಮಾಡುತ್ತಾರೆ. ಎರಡು ದಾರಿಗಳಿವೆ: ಹಳೆಯ ಆಂಡ್ರಾಯ್ಡ್‌ಗಳಲ್ಲಿ ಮೊದಲಿನಿಂದಲೇ ಇರುವ ಮೂಲ ಪ್ರಮಾಣಪತ್ರವನ್ನು ಆಧರಿಸಿದ ಬೇರೆ ಸಂಸ್ಥೆಯ ಪ್ರಮಾಣಪತ್ರ ಕೊಳ್ಳುವುದು, ಅಥವಾ ಆ ಸದಸ್ಯರಿಗೆ ಅವರ ಫೋನಿಗೆ ಸಿಗುವ ಕೊನೆಯ ಫೈರ್‌ಫಾಕ್ಸ್ ಆವೃತ್ತಿಯನ್ನು ಹಾಕಿಕೊಡುವುದು. ಫೈರ್‌ಫಾಕ್ಸ್ ಪ್ರಮಾಣಪತ್ರಗಳ ತನ್ನದೇ ಪಟ್ಟಿಯನ್ನು ಜೊತೆಯಲ್ಲಿ ಇಟ್ಟುಕೊಂಡಿರುವುದರಿಂದ ಫೋನಿನ ಹಳೆಯ ಪಟ್ಟಿ ಅದಕ್ಕೆ ಅಡ್ಡಿಯಾಗದು.

ಆದರೆ ಹಳೆಯ ಫೋನುಗಳಿಗಾಗಿ ಟಿಎಲ್‌ಎಸ್ 1.0 ಮತ್ತು 1.1 ಎಂಬ ಹಳೆಯ ಗೂಢಲಿಪಿ ವಿಧಾನಗಳನ್ನು ಸರ್ವರ್‌ನಲ್ಲಿ ತೆರೆದಿಡಬೇಡಿ. 2021ರ ಮಾರ್ಚ್‌ನಲ್ಲಿ ಅಂತರಜಾಲದ ಮಾನಕಗಳನ್ನು ನಿಗದಿಪಡಿಸುವ ಮಂಡಳಿ ಅವೆರಡನ್ನೂ ವಿಧ್ಯುಕ್ತವಾಗಿ ತ್ಯಜಿಸಿದೆ. ಕಾರ್ಡ್ ಪಾವತಿ ತಾಣಗಳಿಗಂತೂ 1.0ನ್ನು ಬಿಡಲು 2018ರ ಜೂನ್ 30ರ ಗಡುವೇ ಇತ್ತು. ಆಂಡ್ರಾಯ್ಡ್ 5 ಮತ್ತು ಅದರ ನಂತರದ ಫೋನುಗಳೆಲ್ಲ ಟಿಎಲ್‌ಎಸ್ 1.2ನ್ನು ತಾವಾಗಿಯೇ ಬಳಸುತ್ತವೆ, ಆದ್ದರಿಂದ ಇಲ್ಲಿ ನೀವು ಕಳೆದುಕೊಳ್ಳುವುದು ಅತ್ಯಲ್ಪ. ಅಧ್ಯಕ್ಷರ ‘ಒಬ್ಬ ಸದಸ್ಯನೂ ಹೊರಗುಳಿಯಕೂಡದು’ ಎಂಬ ಮಾತಿಗೆ ಇದೊಂದೇ ಕಡೆ ವಿನಾಯಿತಿಯಿಲ್ಲದ ಮಿತಿ, ಏಕೆಂದರೆ ಇಲ್ಲಿ ಒಬ್ಬರಿಗೆ ತೋರಿಸುವ ದಾಕ್ಷಿಣ್ಯದ ಅಪಾಯವನ್ನು ಉಳಿದ ಸದಸ್ಯರೂ ಹೊರಬೇಕಾಗುತ್ತದೆ.

ಸಂಪರ್ಕ ಕೂಡಿದ ಮೇಲೆ ಪುಟ ಹೇಗೆ ಕೆಡುತ್ತದೆ ಎಂಬುದರಲ್ಲಿಯೂ ತರತಮವಿದೆ, ಮತ್ತು ನಿಮ್ಮ ತೀರ್ಮಾನಕ್ಕೆ ನಿಜವಾದ ಆಧಾರ ಅದೇ. ಪುಟದ ರಚನೆಯಲ್ಲಿ ತನಗೆ ತಿಳಿಯದ ಭಾಗವೊಂದು ಸಿಕ್ಕರೆ ಹಳೆಯ ಬ್ರೌಸರ್ ಅದನ್ನು ಸಾದಾ ಪಠ್ಯದಂತೆ ತೋರಿಸಿ ಮುಂದೆ ಹೋಗುತ್ತದೆ. ಅಲಂಕಾರದ ಸಿಎಸ್‌ಎಸ್‌ನಲ್ಲಿ ತಿಳಿಯದ ಸಾಲು ಸಿಕ್ಕರೆ ಆ ಸಾಲನ್ನಷ್ಟೇ ಬಿಡುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಹಾಗಲ್ಲ: ಇಡೀ ಕಡತದಲ್ಲಿ ತಿಳಿಯದ ಒಂದೇ ಒಂದು ಚಿಹ್ನೆ ಇದ್ದರೂ ಬ್ರೌಸರ್ ಇಡೀ ಕಡತವನ್ನೇ ತಿರಸ್ಕರಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ಪಕ್ಕ ಒಂದು ಚುಕ್ಕಿ ಇಟ್ಟು ಬರೆಯುವ ಆಪ್ಷನಲ್ ಚೈನಿಂಗ್ ಎಂಬ ಬರವಣಿಗೆ ಕ್ರೋಮ್‌ಗೆ ಬಂದದ್ದು 2020ರಲ್ಲಿ, 80ನೆಯ ಆವೃತ್ತಿಯಲ್ಲಿ. ಐಫೋನಿಗೆ ಐಒಎಸ್ 13.4ರಲ್ಲಿ. ಅದನ್ನು ಒಂದು ಕಡೆ ಬಳಸಿ ಹಾಗೆಯೇ ಕಳುಹಿಸಿದರೆ ಸಾಕು, ಐಫೋನ್ 6 ಹಿಡಿದವರಿಗೆ ಲಾಗಿನ್ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಅದೇ ಫೋನಿನಲ್ಲಿ ಬಟನ್‌ಗಳ ನಡುವೆ ಅಂತರ ಬಿಡುವ ಹೊಸ ಸಿಎಸ್‌ಎಸ್ ಸಾಲು ಅರ್ಥವಾಗದಿದ್ದರೆ ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ, ಕೆಲಸವೇನೂ ನಿಲ್ಲುವುದಿಲ್ಲ. ಮೊದಲನೆಯದನ್ನು ಸರಿಪಡಿಸಲೇಬೇಕು, ಎರಡನೆಯದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಸಿಎಸ್‌ಎಸ್ ಯಾವಾಗಲೂ ನಿರಪಾಯ ಎಂದೂ ಭಾವಿಸಬೇಡಿ. ಬಣ್ಣಗಳನ್ನು ಓಕೆಎಲ್‌ಸಿಎಚ್ ಎಂಬ ಹೊಸ ರೀತಿಯಲ್ಲಿ ಬರೆಯುವುದು ಕ್ರೋಮ್ 111ರಿಂದ ಮಾತ್ರ ಸಾಧ್ಯ. ‘ಅರ್ಜಿ ಸಲ್ಲಿಸಿ’ ಎಂಬ ಬಟನ್‌ಗೆ ಹಿನ್ನೆಲೆಯ ಹಸಿರನ್ನು ಆ ರೀತಿಯಲ್ಲಿಯೂ ಅಕ್ಷರದ ಬಿಳಿಯನ್ನು ಹಳೆಯ ರೀತಿಯಲ್ಲಿಯೂ ಬರೆದು, ಬದಲಿ ಬಣ್ಣ ಕೊಡದೆ ಬಿಟ್ಟರೆ, ಕ್ರೋಮ್ 109 ಹಸಿರನ್ನು ಕೈಬಿಟ್ಟು ಬಿಳಿಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬಿಳಿಯ ಪುಟದ ಮೇಲೆ ಬಿಳಿಯ ಅಕ್ಷರ. ಬಟನ್ ಅಲ್ಲೇ ಇದೆ, ಒತ್ತಿದರೆ ಕೆಲಸವನ್ನೂ ಮಾಡುತ್ತದೆ, ಕಾಣುವುದಿಲ್ಲ ಅಷ್ಟೇ. ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಇದು ಎಂದೂ ಗೊತ್ತಾಗದು. ಯಾವ ಲಾಗ್‌ನಲ್ಲಿಯೂ ದೋಷವೆಂದು ದಾಖಲಾಗದು.

ಇದಕ್ಕೆ ಪರಿಹಾರ ಹೆಚ್ಚು ಖರ್ಚಿನದಲ್ಲ. ಲಾಗಿನ್, ಬಾಕಿ ನೋಡುವುದು, ಅರ್ಜಿಯ ಮೂಲ ವಿವರ ಇವು ಜಾವಾಸ್ಕ್ರಿಪ್ಟ್ ಇಲ್ಲದೆಯೂ ಸರ್ವರ್‌ನ ಬಲದಿಂದಲೇ ನಡೆಯುವಂತೆ ಬರೆಸಿ. ಹೆಸರು, ಸದಸ್ಯತ್ವ ಸಂಖ್ಯೆ, ಸರ್ವೆ ನಂಬರ್ ತುಂಬಿ ಕಳುಹಿಸುವ ಸಾಮಾನ್ಯ ಫಾರ್ಮ್‌ಗೆ ಅದರ ಅಗತ್ಯವೇ ಇಲ್ಲ. ಅದರ ಮೇಲಿನ ಅನುಕೂಲಗಳ ಸ್ಕ್ರಿಪ್ಟ್‌ಗಳನ್ನೆಲ್ಲ ಮಾಡ್ಯೂಲ್ ಎಂಬ ಗುರುತು ಹಾಕಿ ಕಳುಹಿಸಿದರೆ, 2017ರ ಕ್ರೋಮ್ 61 ಮತ್ತು 2018ರ ಫೈರ್‌ಫಾಕ್ಸ್ 60ಕ್ಕಿಂತ ಹಿಂದಿನವು ಆ ಸ್ಕ್ರಿಪ್ಟ್‌ಗಳನ್ನು ಮುಟ್ಟುವುದೇ ಇಲ್ಲ. ಜಿಯೋಫೋನ್‌ನವರಿಗೆ ಅಲಂಕಾರವಿಲ್ಲದ, ಆದರೆ ಕೆಲಸ ಮಾಡುವ ಪುಟ ಸಿಗುತ್ತದೆ. ಬ್ರಿಟನ್ನಿನ ಬಿಬಿಸಿ 2012ರಲ್ಲಿಯೇ ಇಂಥ ವಿಂಗಡಣೆ ಮಾಡಿತ್ತು: ಮೂರು ಸಾಮರ್ಥ್ಯಗಳು ಇವೆಯೇ ಎಂದು ಬ್ರೌಸರನ್ನು ಪರೀಕ್ಷಿಸಿ, ಇದ್ದರೆ ಪೂರ್ಣ ಪುಟ, ಇಲ್ಲದಿದ್ದರೆ ಸುದ್ದಿಯ ಮೂಲ ಪುಟ. ಬ್ರೌಸರ್‌ನ ಹೆಸರು ನೋಡಿ ತಡೆಯುವ ಪದ್ಧತಿಗಿಂತ ಸಾಮರ್ಥ್ಯ ನೋಡಿ ವಿಂಗಡಿಸುವುದು ಎಷ್ಟೋ ಮೇಲು. ಹಳೆಯ ಫೋನಿಗಾಗಿ ಭಾರವಾದ ಕನ್ನಡ ಫಾಂಟ್ ಕಳುಹಿಸುವ ಅಗತ್ಯವೂ ಇಲ್ಲ. ಮೇಲೆ ಹೆಸರಿಸಿದ ಆಂಡ್ರಾಯ್ಡ್ ಆವೃತ್ತಿಗಳಲ್ಲೆಲ್ಲ ಕನ್ನಡ ಅಕ್ಷರ ಒಳಗೇ ಇದೆ, ಮತ್ತು ದೇಲಂಪಾಡಿಯ ಗುಡ್ಡದ ಮೇಲಿನ ಮನೆಗಳಲ್ಲಿ ಸಿಗುವ ನೆಟ್‌ವರ್ಕ್‌ಗೆ ಫಾಂಟಿನ ಕಡತವೇ ದೊಡ್ಡ ಹೊರೆ.

ಇಷ್ಟೆಲ್ಲ ಮಾಡಿದ ಮೇಲೂ ಕೈಬಿಡುವ ಘಳಿಗೆ ಬರುತ್ತದೆ. ನನ್ನ ಅಳತೆಗೋಲು ಶೇಕಡಾವಾರಲ್ಲ, ಎರಡು ಪ್ರಶ್ನೆಗಳು. ಆ ಬ್ರೌಸರ್‌ನಲ್ಲಿ ಪರೀಕ್ಷಿಸಿ ನೋಡಲು ನಿಮ್ಮ ಕೈಯಲ್ಲಿ ನಿಜವಾದ ಒಂದು ಸಾಧನ ಇದೆಯೇ? ಇಲ್ಲದಿದ್ದರೆ ನೀವು ಬೆಂಬಲಿಸುತ್ತಿದ್ದೀರಿ ಎಂಬುದು ಬರೀ ಹೇಳಿಕೆ. ಸದಸ್ಯರೊಬ್ಬರ ಹಳೆಯ ಫೋನನ್ನು ಬೆಲೆ ಕೊಟ್ಟು ತೆಗೆದುಕೊಂಡು ಕಚೇರಿಯಲ್ಲಿ ಇಟ್ಟುಕೊಳ್ಳುವುದು ಅದಕ್ಕಿಂತ ಪ್ರಾಮಾಣಿಕ. ಎರಡನೆಯದು, ಆ ಬ್ರೌಸರ್‌ನಲ್ಲಿ ನಿಲ್ಲಲಿರುವ ಕೆಲಸವನ್ನು ಸದಸ್ಯರು ಬೇರೆ ದಾರಿಯಲ್ಲಿ, ಇನ್ನೊಬ್ಬರ ಹಂಗಿಲ್ಲದೆ ಮಾಡಿಕೊಳ್ಳಬಹುದೇ? ಸಾಲದ ಬಾಕಿಯನ್ನು ಎಸ್‌ಎಂಎಸ್‌ನಲ್ಲಿ ತಿಳಿಸುವ ವ್ಯವಸ್ಥೆ ಇದ್ದರೆ, ಕಾಗದಪತ್ರಗಳನ್ನು ಕೌಂಟರ್‌ನಲ್ಲಿ ಪುಕ್ಕಟೆ ಸ್ಕ್ಯಾನ್ ಮಾಡಿಕೊಡುವುದಿದ್ದರೆ, ಆ ಸೌಲಭ್ಯವನ್ನು ಹಳೆಯ ಬ್ರೌಸರ್‌ನಲ್ಲಿ ನಿಲ್ಲಿಸುವುದು ನ್ಯಾಯವೇ. ಹಣ ಕೊಟ್ಟು ಅಕ್ಷಯ ಎಂಬ ಆನ್‌ಲೈನ್ ಸೇವಾ ಕೇಂದ್ರಕ್ಕೆ ಹೋಗಿ ಎಂದು ಬೆರಳು ತೋರಿಸುವುದನ್ನು ಮಾತ್ರ ನಾನು ಬೇರೆ ದಾರಿ ಎಂದು ಎಣಿಸುವುದಿಲ್ಲ. ಆ ಖರ್ಚು ಸಂಘದಿಂದ ಸದಸ್ಯರ ತಲೆಗೆ ದಾಟಿತು ಎಂದಷ್ಟೇ ಅದರ ಅರ್ಥ. ಎರಡಕ್ಕೂ ಉತ್ತರ ಸಿಕ್ಕ ಮೇಲೆ ಉಳಿಯುವುದು ಡೆವಲಪರ್‌ನ ದುಡಿಮೆಯ ಲೆಕ್ಕ. ಹಳೆಯ ಬ್ರೌಸರ್‌ಗಾಗಿ ತಿಂಗಳಿಗೆ ಎಷ್ಟು ಗಂಟೆ ಹೋಗುತ್ತಿದೆ ಎಂದು ಅವರಿಂದ ಬರೆಸಿಕೊಳ್ಳಿ. ಆ ಹೊತ್ತು ಅರ್ಜಿ ಪುಟದ ದೋಷ ತಿದ್ದುವುದಕ್ಕೆ ಸಿಗಬೇಕಾದ ಹೊತ್ತನ್ನು ತಿನ್ನತೊಡಗಿದರೆ ಅಧ್ಯಕ್ಷರೂ ಒಪ್ಪಬೇಕಾಗುತ್ತದೆ.

ದಿನಾಂಕದ ಆಯ್ಕೆಯಲ್ಲಿ ಊರಿನ ಲೆಕ್ಕ ಹಿಡಿಯಿರಿ. ಬೆಳೆ ಸಾಲ ನವೀಕರಣದ ಗಡಿಬಿಡಿ ಇರುವ ಜನವರಿಯಿಂದ ಮಾರ್ಚ್‌ವರೆಗೆ ಏನನ್ನೂ ಮುಟ್ಟಬೇಡಿ. ಕರೆಂಟೂ ನೆಟ್‌ವರ್ಕೂ ಕೈಕೊಡುವ ಆಟಿಯ ಮಳೆಯಲ್ಲಿಯೂ ಬೇಡ, ಆಗ ಯಾವುದು ನಿಮ್ಮ ಬದಲಾವಣೆಯಿಂದ ಕೆಟ್ಟದ್ದು, ಯಾವುದು ಮಳೆಯಿಂದ ಎಂದು ತಿಳಿಯದು. ವಾರ್ಷಿಕ ಮಹಾಸಭೆಯ ನೋಟಿಸಿನ ಜೊತೆಗೆ ಒಂದು ಹಾಳೆ ಕಳುಹಿಸಿ, ಸಭೆಯಲ್ಲಿ ಓದಿ ಹೇಳಿ, ದೀಪಾವಳಿ ಕಳೆದ ಮೇಲೆ ಜಾರಿಗೆ ತನ್ನಿ. ಅಲ್ಲಿಯವರೆಗೆ ಆಯಾ ಹಳೆಯ ಬ್ರೌಸರ್‌ನಲ್ಲಿ ಮಾತ್ರ ಕಾಣುವಂತೆ ಪುಟದ ಮೇಲ್ಭಾಗದಲ್ಲಿ ಹೀಗೆ ಬರೆಯಬಹುದು: ‘ಈ ಫೋನಿನಲ್ಲಿ ಅಡಿಕೆ ಧಾರಣೆ, ಬಡ್ಡಿದರ ಮತ್ತು ನಿಮ್ಮ ಸಾಲದ ಬಾಕಿಯನ್ನು ಎಂದಿನಂತೆ ನೋಡಬಹುದು. ಅರ್ಜಿಯ ಜೊತೆ ತೀರ್ವೆ ರಶೀದಿಯ ಫೋಟೊ ಸೇರಿಸುವ ಸೌಲಭ್ಯ ನವೆಂಬರ್ 15ರಿಂದ ಇದರಲ್ಲಿ ಇರುವುದಿಲ್ಲ. ರಶೀದಿಯನ್ನು ಯಾವುದೇ ಶಾಖೆಯ ಕೌಂಟರ್‌ನಲ್ಲಿ ತೋರಿಸಿದರೆ ಸಾಕು, ಶುಲ್ಕವಿಲ್ಲ.’ ಏನು ಉಳಿಯುತ್ತದೆ ಎಂಬುದು ಮೊದಲು ಬರಲಿ. ಕನ್ನಡ ಪುಟದಲ್ಲಿ ಕನ್ನಡದಲ್ಲಿಯೂ ಮಲಯಾಳ ಪುಟದಲ್ಲಿ ಮಲಯಾಳದಲ್ಲಿಯೂ ಇರಲಿ. ಸೂಚನೆಯೊಂದನ್ನು ಇಂಗ್ಲಿಷಿನಲ್ಲಿ ಹಾಕಿ ಕೈತೊಳೆದುಕೊಳ್ಳುವುದನ್ನು ಬೇಕಾದಷ್ಟು ತಾಣಗಳಲ್ಲಿ ಕಂಡಿದ್ದೇನೆ.

ಹಣ ವರ್ಗಾವಣೆಯ ಪುಟಕ್ಕೆ ಮಾತ್ರ ಬೇರೆ ನಿಯಮ ಹೇಳಿದೆನಷ್ಟೆ. ಪರಿಷ್ಕರಣೆ ನಿಂತ ಬ್ರೌಸರ್‌ನಲ್ಲಿ ಬಯಲಾದ ದೋಷಗಳು ತೆರೆದೇ ಉಳಿಯುತ್ತವೆ. ಬಾಕಿ ನೋಡುವಾಗ ಆಗಬಹುದಾದ ಹಾನಿ ಮಾಹಿತಿ ಸೋರಿಕೆಯದು. ಹಣ ಹೋದರೆ ಅದನ್ನು ಮರಳಿ ತರುವುದು ಸದಸ್ಯರಿಗೂ ಕಷ್ಟ, ಸಂಘಕ್ಕೂ ಕಷ್ಟ.

ಇನ್ನು ನಿಮ್ಮ ಶಾಖೆಗಳ ವಿಂಡೋಸ್ 7 ಕಂಪ್ಯೂಟರ್‌ಗಳು. ಅವುಗಳ ಸಲುವಾಗಿ ತಾಣದಲ್ಲಿ ಯಾವ ಬೆಂಬಲವನ್ನೂ ಉಳಿಸಬೇಡಿ. ಸದಸ್ಯರ ಫೋನನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ನಿಮ್ಮ ಮೇಜಿನ ಮೇಲಿನ ಯಂತ್ರವನ್ನು ಬದಲಿಸುವುದು ನಿಮ್ಮ ಕೈಯಲ್ಲಿಯೇ ಇದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ; ಎಲ್ಲ ಸದಸ್ಯರ ಖಾತೆಗಳನ್ನೂ ತೆರೆಯಬಲ್ಲ ಯಂತ್ರ ಅಂಥ ಸ್ಥಿತಿಯಲ್ಲಿರುವುದು ಒಬ್ಬ ಸದಸ್ಯನ ಹಳೆಯ ಫೋನಿಗಿಂತ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ. ಹೊಸದನ್ನು ಕೊಳ್ಳಲು ಹಣವಿಲ್ಲದಿದ್ದರೆ ವಿಂಡೋಸ್‌ನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿ. ಕೇರಳದ ಶಾಲೆಗಳಲ್ಲಿ ಕೈಟ್ ಎಂಬ ಸರ್ಕಾರಿ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯ ಲಿನಕ್ಸ್ ವರ್ಷಗಳಿಂದ ನಡೆಯುತ್ತಿರುವುದರಿಂದ ಅದನ್ನು ಬಳಸಬಲ್ಲ ಹುಡುಗರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ಅದಕ್ಕೆ ಮೊದಲು ಎರಡು ವಿಷಯ ಪರಿಶೀಲಿಸಿ. ಶಾಖೆಯ ಲೆಕ್ಕದ ತಂತ್ರಾಂಶ ಬ್ರೌಸರ್‌ನಲ್ಲಿಯೇ ಓಡುತ್ತದೆಯೇ ಅಥವಾ ವಿಂಡೋಸನ್ನೇ ಬೇಡುತ್ತದೆಯೇ ಎಂದು ಅದನ್ನು ಕೊಟ್ಟವರನ್ನು ಕೇಳಿ. ಯಂತ್ರ 64 ಬಿಟ್‌ನದೇ ಎಂದೂ ನೋಡಿ: 32 ಬಿಟ್ ಲಿನಕ್ಸ್‌ಗೆ ಕ್ರೋಮ್ 2016ರಲ್ಲಿಯೇ ನಿಂತಿದೆ, ಫೈರ್‌ಫಾಕ್ಸ್‌ನ ಸಾಮಾನ್ಯ ಆವೃತ್ತಿ 144ರಲ್ಲಿ ಕೊನೆಗೊಂಡಿದೆ. 32 ಬಿಟ್‌ನ ಯಂತ್ರವಾದರೆ ಅದಕ್ಕೆ ಲಿನಕ್ಸ್ ಹಾಕಿಸಿ ಪ್ರಯೋಜನವಿಲ್ಲ; ಅದನ್ನು ಕೌಂಟರ್‌ನಿಂದ ತೆಗೆದು, ಮುಂದಿನ ಬಜೆಟ್‌ನಲ್ಲಿ ಬದಲಿ ಯಂತ್ರಕ್ಕೆ ಹಣ ಇಡಿಸಿ.